ಬೂದಿ ಚೀಲದ ಭೀಮಮ್ಮ

ಭೀಮಮ್ಮ ಬೆಲ್ಲದ ಅಚ್ಚನ್ನು ಕರಣೆಯ ಹಿಡಿಯಿಂದ ಒಡೆಯುತ್ತಾರೆ. ಚೂರುಗಳನ್ನು ಸೆರಗಿಗೆ ಹಾಕಿಕೊಂಡು ಜೊತೆಗೆ ದುಡಿಯುವ ಒಬ್ಬೊಬ್ಬ ಹೆಂಗಸಿನ ಅಂಗೈಯಲ್ಲೂ ಒಂದೊಂದು ಇಡುತ್ತಾರೆ. ಯಾರೂ ಮಾತಾಡುವುದಿಲ್ಲ. ಬೆಲ್ಲ ದವಡೆ ಸೇರಿದ ಮೇಲೆ ಬಾಯಿ ಮುಚ್ಚಿರಬೇಕು, ಅದು ಇಲ್ಲಿನ ರೂಢಿ. ಆಮೇಲೆ ಅವರು ಸೆರಗನ್ನು ಮೂಗಿಗೆ ಬಿಗಿದು ಮೊದಲ ಚೀಲದ ಹೊಲಿಗೆ ಬಿಚ್ಚುತ್ತಾರೆ. ಬೂದಿ ಏಳುತ್ತದೆ. ಇನ್ನೂ ಪೂರ್ತಿ ಬೆಳಕಾಗಿಲ್ಲ, ಬಲ್ಬು ಮಸುಕಾಗುತ್ತದೆ.

ಮರಾಠಿ ಸೀಮೆಯ ದಿವಾದಿಂದ ಶೀಳ್ ಕಡೆಗೆ ಹೋಗುವ ರಸ್ತೆಯ ಪಕ್ಕದ ಈ ಅಂಗಳದಲ್ಲಿ ವಿದ್ಯುತ್ ಸ್ಥಾವರದ ಹಾರುಬೂದಿಯಿಂದ ಇಟ್ಟಿಗೆ ಮಾಡುತ್ತಾರೆ. ಬೂದಿ, ಕಲ್ಲುಪುಡಿ, ಸ್ವಲ್ಪ ಸಿಮೆಂಟು ಮಿಕ್ಸರಿನಲ್ಲಿ ಕಲೆತು ಅಚ್ಚಿಗೆ ಹೋಗುತ್ತವೆ. ಸುಡುವುದಿಲ್ಲ, ದಿನಗಟ್ಟಲೆ ನೀರು ಹಾಕಿ ಗಟ್ಟಿ ಮಾಡುತ್ತಾರೆ. ಹೊಲದ ಮಣ್ಣು ಉಳಿಯುತ್ತದೆ, ಭಟ್ಟಿಯ ಹೊಗೆ ಇಲ್ಲ. ಖಾರಘರದ ಹೊಸ ಕಟ್ಟಡವೊಂದು ತಾನು ಪರಿಸರಸ್ನೇಹಿ ಎಂದು ಬೋರ್ಡು ಹಾಕಿಕೊಂಡಿರುವುದು ಈ ಇಟ್ಟಿಗೆಯನ್ನು ನಂಬಿ. ಭೀಮಮ್ಮ ಅದನ್ನು ಒಮ್ಮೆ ಹೊರಗಿನಿಂದ ನೋಡಿ ಬಂದಿದ್ದಾರೆ.

“ಒಳಗ ತಂಪಿರ್ತದಂತ. ನಮ್ಮ ಕೈಯಾಗಿಂದು ನೋಡು, ಹೇಳಕ್ಕ ಬೇಷ್ ಅನಸ್ತದ.”

ಯಾದಗಿರಿ ಕಡೆಯ ಭೀಮಮ್ಮ ಮದುವೆಯಾಗಿ ಬಂದು ಕಲ್ಯಾಣದಾಚೆಯ ಇಟ್ಟಿಗೆ ಭಟ್ಟಿಯಲ್ಲಿ ದುಡಿದವರು. ಗಂಡ ತೀರಿಹೋದ ಮೇಲೆ ಇಲ್ಲಿಗೆ ಬಂದರು. “ಅಲ್ಲಿ ಹೊಗಿ ಕಣ್ಣಿಗಿ ಕಾಣ್ತಿತ್ತು. ಈ ಕಡಿ ಬಂದ್ರ ಆ ಕಡಿ ಸರೀತಿದ್ವಿ. ಇದು ಹಿಟ್ಟಿನಂಗ ಅದ. ಒಳಗ ಹೋದದ್ದೇ ಗೊತ್ತಾಗಂಗಿಲ್ಲ.”

ಚೀಲ ಬಿಚ್ಚುವ ಕೆಲಸ ಮೊದಲು ಅವರ ಊರಿನವರೇ ಆದ ಸಾಬಮ್ಮನದಾಗಿತ್ತು. ಬೆಲ್ಲ ತಿಂದರೆ ಬೂದಿ ಹೊಟ್ಟೆಗೆ ಇಳಿದು ಹೊರಗೆ ಹೋಗುತ್ತದೆ ಎಂದು ಕಲಿಸಿದವರು ಅವರೇ. ಸಾಬಮ್ಮ ಈಗ ದಿವಾದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುತ್ತಾರೆ. ಮಲಗಿದರೆ ಉಸಿರು ಸಿಗುವುದಿಲ್ಲ.

ಕಳೆದ ತಿಂಗಳು ಭೀಮಮ್ಮನಿಗೂ ಕೆಮ್ಮು ಹತ್ತಿತು. ಡಾಕ್ಟರು ಎದೆಯ ಎಕ್ಸ್‌ರೇ ನೋಡಿ, ಬೂದಿ ಹೋಗುವುದು ಹೊಟ್ಟೆಗಲ್ಲ, ಶ್ವಾಸಕೋಶಕ್ಕೆ, ಚೀಲದ ಕೆಲಸ ಬಿಡು ಎಂದರಂತೆ.

“ಹಾಗಿದ್ರೆ ಬೆಲ್ಲ ಯಾಕೆ ಹಂಚ್ತೀರಿ ಅಕ್ಕ?” ಎಂದು ಇಲ್ಲಿನ ಕೆಲಸದ ಬಗ್ಗೆ ಬರೆಯಲು ಬಂದಿರುವ ನಾನು ಕೇಳುತ್ತೇನೆ.

ಅವರು ಉಳಿದ ಹೆಂಗಸರ ಕಡೆ ನೋಡುತ್ತಾರೆ. “ಅದೂ ಬಿಡಿಸಿದ್ರ ಇವ್ರಿಗಿ ಏನ್ ಕೊಡ್ಲಿ, ತಂಗಿ?”

ಅಂಗಳದ ಇನ್ನೊಂದು ತುದಿಯಲ್ಲಿ ಬೂದಿ ಏಳುವುದಿಲ್ಲ. ಅಲ್ಲಿ ಇಟ್ಟಿಗೆ ಸಾಲುಗಳ ಮೇಲೆ ಗೋಣಿತಟ್ಟು ಹಾಸಿ ಪೈಪಿನಿಂದ ನೀರು ಬಿಡುತ್ತಾರೆ. ಆ ಕೆಲಸದಲ್ಲಿದ್ದ ದಂಪತಿ ನಿನ್ನೆ ಊರಿಗೆ ಹೊರಟುಹೋದರು. ಜಾಗ ಖಾಲಿ ಇದೆ. ಆದರೆ ನೀರಿನ ಕೆಲಸ ಇಲ್ಲಿ ಯಾವಾಗಲೂ ಜೋಡಿಗೇ. ಗಂಡ ಒದ್ದೆ ಗೋಣಿತಟ್ಟು ಎತ್ತುತ್ತಾನೆ, ಹೆಂಡತಿ ಪೈಪು ಹಿಡಿಯುತ್ತಾಳೆ. ಒಂಟಿ ಹೆಂಗಸಿನ ಪಾಲಿಗೆ ಚೀಲ.

ಬಿಸಿಲು ಬೀಳುವ ಹೊತ್ತಿಗೆ ಸೂಪರ್‌ವೈಸರ್ ದೇವದಾಸ್ ಸ್ಕೂಟರ್ ಇಳಿಯುತ್ತಾರೆ. ಉಡುಪಿ ಕಡೆಯವರು. ಕೆಲಸ ಹಂಚುವುದು ಅವರೇ. ಭೀಮಮ್ಮ ಎದುರು ಹೋಗಿ ನಿಲ್ಲುತ್ತಾರೆ.

“ನೀರಿನ ಕಡಿ ಜಾಗ ಖಾಲಿ ಆಗ್ಯದಲ್ರಿ, ಅಣ್ಣಾರ.”

“ಅದು ಜೋಡಿಯದ್ದು ಮಾರಾಯ್ತಿ, ನಿಂಗೆ ಗೊತ್ತುಂಟಲ್ಲ.”

“ಹಂಗಾರ ನಂಗೊಂದು ಗಂಡನ್ನ ಹುಡುಕ್ರಿ.”

ಹೆಂಗಸರು ನಗುತ್ತಾರೆ. ದೇವದಾಸರೂ ನಗುತ್ತಾರೆ. ಭೀಮಮ್ಮನ ನಗು ನಡುವಿನಲ್ಲೇ ಕೆಮ್ಮಾಗುತ್ತದೆ. ಮೊಣಕಾಲಿಗೆ ಕೈಯೂರಿ ಬಾಗುತ್ತಾರೆ. ಕೆಮ್ಮು ನಿಲ್ಲುವವರೆಗೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ.

“ಖಾರಘರದ ಗಾಡಿ ಬರ್ತದೆ, ಮಾಲು ರೆಡಿ ಬೇಕು. ಚಲಾ, ಚಲಾ!” ದೇವದಾಸ್ ಗೇಟಿನತ್ತ ತಿರುಗುತ್ತಾರೆ. ಯಾರೋ ಮಿಕ್ಸರ್ ಚಾಲೂ ಮಾಡುತ್ತಾರೆ.

ಭೀಮಮ್ಮ ಸೆರಗನ್ನು ಬಾಯಿಂದ ಸರಿಸುತ್ತಾರೆ. ಈಗ ನಗುತ್ತಿಲ್ಲ.

“ಗೋಣಿತಟ್ಟು ನಾನೇ ಎತ್ತತೀನ್ರಿ. ಪೈಪೂ ನಾನೇ ಹಿಡೀತೀನಿ.”

ದೇವದಾಸ್ ನಡೆಯುತ್ತಲೇ ಇದ್ದಾರೆ. ಹೆಂಗಸರು ಬುಟ್ಟಿ ಎತ್ತಿಕೊಂಡಿದ್ದಾರೆ.

“ಅಣ್ಣಾರ, ಒಬ್ಬಾಕಿಗೇ ಕೊಡ್ರಿ.”