ಡಂಡಿಯ ಒಂದು ವೋಟು

ಮೌಂಟ್ ಆಲ್ಬರ್ಟ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮುದುಕರು ಸ್ಕಾಟ್ಲೆಂಡಿನ ಡಂಡಿ ಊರಿನವರು. ಹರೆಯದಲ್ಲಿ ವೆಲ್ಡಿಂಗ್ ಕೆಲಸಕ್ಕೆಂದು ಆಕ್ಲೆಂಡಿಗೆ ಬಂದವರು ಇಲ್ಲೇ ಮದುವೆಯಾಗಿ, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಉಳಿದಿದ್ದರು. ನನ್ನ ಮಗಳು ಅವರನ್ನು ಅಂಕಲ್ ಎನ್ನುತ್ತಿದ್ದಳು, ನಾನೂ ಹಾಗೇ ಕರೆಯತೊಡಗಿದೆ. ನ್ಯೂ ನಾರ್ತ್ ರೋಡಿನ ಔಷಧಿ ಅಂಗಡಿಯೊಂದರಲ್ಲಿ ನಾನು ಫಾರ್ಮಸಿಸ್ಟ್. ಸಂಜೆ ಬರುವಾಗ ಅವರ ಬಿಪಿ ಮಾತ್ರೆ ತಂದುಕೊಡುತ್ತಿದ್ದೆ. ಕೊಟ್ಟು ಹೊರಡಬೇಕೆಂದರೂ ಅರ್ಧ ಗಂಟೆ ಹೋಗುತ್ತಿತ್ತು. ಎಲ್ಲಿಂದ ಶುರುವಾದರೂ ಅವರ ಮಾತು ಸ್ಕಾಟ್ಲೆಂಡ್ ಸ್ವತಂತ್ರವಾಗಬೇಕು ಎಂಬಲ್ಲಿಗೇ ಬಂದು ನಿಲ್ಲುತ್ತಿತ್ತು.

ತಮ್ಮವರು ಬೇಡವೆಂದ ಸರ್ಕಾರಗಳೇ ಲಂಡನ್ನಿನಲ್ಲಿ ಕೂತು ತಮ್ಮನ್ನು ಆಳುತ್ತವೆ, ಯುರೋಪಿನ ಒಕ್ಕೂಟದಲ್ಲಿ ಉಳಿಯುತ್ತೇವೆಂದು ತಮ್ಮವರು ವೋಟು ಹಾಕಿದರೂ ಹೊರಗೆಳೆದರು ಎಂದು ಹೇಳುತ್ತಿದ್ದರು. ಬೇರೆಯಾಗಬೇಕೇ ಎಂದು ಜನರನ್ನು ಕೇಳಿದ ವರ್ಷ, ಅಲ್ಲಿ ವಾಸವಿಲ್ಲದ ಇವರಿಗೆ ವೋಟಿರಲಿಲ್ಲ. ಬೇಡವೆಂದವರು ಗೆದ್ದ ದಿನ ಕತ್ತಲಾಗುವವರೆಗೂ ಬೇಲಿಗೆ ಬಣ್ಣ ಬಳಿಯುತ್ತ ಕೂತಿದ್ದರಂತೆ.

ಒಮ್ಮೆ ನಾನು ಸ್ವಲ್ಪ ಬಿರುಸಾಗಿಯೇ, ನಮ್ಮನ್ನು ಆಳಿದವರಲ್ಲಿ ನಿಮ್ಮವರೂ ಇದ್ದರಲ್ಲ ಎಂದೆ. ಅವರು ಒಳಗೆ ಹೋಗಿ ಒಂದು ಫೋಟೋ ತಂದರು. ಅವರ ತಾತ ಕಲ್ಕತ್ತೆಯ ಸೆಣಬಿನ ಗಿರಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಚಿತ್ರದಲ್ಲಿ ಅವರೊಬ್ಬರೇ ಕುರ್ಚಿಯ ಮೇಲೆ. ಇಪ್ಪತ್ತು ಮೂವತ್ತು ಜನ ಕೂಲಿಗಳು ನೆಲದ ಮೇಲೆ.

"ಆ ಕುರ್ಚಿಯಿಂದಲೂ ನಾವು ಏಳಬೇಕು," ಎಂದರು. "ಲಂಡನ್ನನ್ನು ಬೈದರಷ್ಟೇ ಸಾಲದು."

ಆಮೇಲೆ, ಇನ್ನೊಬ್ಬರನ್ನು ಕೇಳಲು ನಾಚಿಕೆಯಾಗುತ್ತಿತ್ತೇನೋ ಎಂಬಂತೆ, ಮೆಲ್ಲಗೆ ಕೇಳಿದರು. ಬೇರೆಯಾದರೆ ಬಡವರಾಗುತ್ತೀರಿ ಎಂದು ಎಲ್ಲರೂ ಹೆದರಿಸುತ್ತಾರೆ. ನಿಮಗೆ ಸ್ವಾತಂತ್ರ್ಯ ಸಿಕ್ಕಿತಲ್ಲ, ಅದರಿಂದ ಏನಾಯಿತು?

ನನಗೆ ಅಜ್ಜ ನೆನಪಾದರು. ದಾವಣಗೆರೆಯಲ್ಲಿ ಕನ್ನಡ ಶಾಲೆಯ ಮೇಷ್ಟ್ರಾಗಿದ್ದವರು. ಸ್ವಾತಂತ್ರ್ಯ ಬಂದಾಗ ಅವರಿನ್ನೂ ವಿದ್ಯಾರ್ಥಿ. ಆಮೇಲಿನ ಪ್ರತಿ ಸರ್ಕಾರವನ್ನೂ ಬೈದುಕೊಂಡೇ ಬದುಕಿದರು. ಹಾಗಾದರೆ ಬ್ರಿಟಿಷರೇ ಇರಬೇಕಿತ್ತಾ ಅಂತ ನಾನು ಚಿಕ್ಕವಳಿದ್ದಾಗ ಕೇಳಿದ್ದಕ್ಕೆ, "ಇಲ್ಲವ್ವ, ಈಗ ತಪ್ಪಾದ್ರೂ ನಮ್ದೇ ತಪ್ಪು. ತಿದ್ದಾಕೂ ನಾವೇ ಇದೀವಿ," ಅಂದಿದ್ದರು. ಅದನ್ನು ಇಂಗ್ಲಿಷಿನಲ್ಲಿ ಆದಷ್ಟು ಹೇಳಿದೆ. ಅಂಕಲ್ ಅದನ್ನು ಇನ್ನೊಮ್ಮೆ ಹೇಳಿಸಿಕೊಂಡು, ಫೋಟೋ ಒಳಗಿಟ್ಟು ಬಂದರು.

ಅದರ ಮರುವರ್ಷ ನಾನು ಇಲ್ಲಿನ ಪೌರತ್ವಕ್ಕೆ ಅರ್ಜಿ ಹಾಕಿದೆ. ಇವಳನ್ನು ನಾನು ಬಲ್ಲೆ ಎಂದು ಒಬ್ಬರು ದೃಢಪಡಿಸಬೇಕಿತ್ತು, ಅಂಕಲ್ ಒಪ್ಪಿದರು. ಪ್ರಮಾಣವಚನದ ಕಾಗದ ಬಂದಾಗ ಓದಿ ನೋಡಿದೆ. ಈ ದೇಶದ ದೊರೆಗೆ, ಅವನ ವಾರಸುದಾರರಿಗೆ ನಿಷ್ಠಳಾಗಿರುತ್ತೇನೆ ಎಂದಿತ್ತು. ಈ ದೇಶದ ದೊರೆಯೆಂದರೆ ಬ್ರಿಟಿಷ್ ದೊರೆಯೇ ಎಂದು ಮೊದಲೇ ಗೊತ್ತಿದ್ದರೂ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟೆ. ಗಂಡ ಸಮಾಧಾನ ಹೇಳಿದ: "ಬಾಯಿಮಾತು ಅದು. ಅಜ್ಜಾರು ಇದ್ದಿದ್ರೆ ನಕ್ಕು ಬಿಡ್ತಿದ್ರು." ನಗುತ್ತಿದ್ದರೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು.

ಸಭಾಂಗಣದಲ್ಲಿ ಎಲ್ಲರ ಜೊತೆ ನಿಂತು ಆ ಸಾಲುಗಳನ್ನು ಓದಿದೆ. ಅಂಕಲ್ ಇದ್ದ ಒಂದೇ ಕೋಟು ಹಾಕಿಕೊಂಡು ಬಂದಿದ್ದರು. ಮುಗಿದ ಮೇಲೆ ಕೈ ಕುಲುಕಿ, ಅಭಿನಂದನೆ ಹೇಳದೆ, ಕಷ್ಟವಾಯಿತೇ ಎಂದು ಕೇಳಿದರು. ಹೌದೆಂದೆ. ಎರಡೂ ಪೌರತ್ವ ಇಟ್ಟುಕೊಳ್ಳುವಂತಿಲ್ಲವಾದ್ದರಿಂದ ನನ್ನ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿದೆ. ಅದು ರದ್ದಾಯಿತೆಂಬ ಮುದ್ರೆ ಹೊತ್ತು, ಮೂಲೆ ಕತ್ತರಿಸಿಕೊಂಡು ಅಂಚೆಯಲ್ಲಿ ವಾಪಸು ಬಂದ ದಿನ ಅಡುಗೆ ಮಾಡಲಾಗಲಿಲ್ಲ.

ಆ ಚಳಿಗಾಲದಲ್ಲೇ ಅಂಕಲ್ ಮನೆ ಮಾರಿದರು. ಡಂಡಿಗೆ ಹೋಗಿ ತಂಗಿಯ ಮನೆಯ ಹತ್ತಿರ ಇರುತ್ತೇನೆಂದರು. ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದ್ದಕ್ಕೆ, ಬೇರೆಯಾಗಬೇಕೇ ಎಂದು ಇನ್ನೊಮ್ಮೆ ಜನರನ್ನು ಕೇಳಿದಾಗ ತಾನು ಅಲ್ಲಿರಬೇಕು ಎಂದರು. ಏರ್‌ಪೋರ್ಟಿಗೆ ನಾನೇ ಬಿಟ್ಟುಬಂದೆ. ಮಗಳು ಹಿಂದಿನ ಸೀಟಿನಲ್ಲಿ ಅಳುತ್ತಿದ್ದಳು.

ಕಳೆದ ತಿಂಗಳು ಫೋನ್ ಮಾಡಿದ್ದರು. ಮತದಾರರ ಪಟ್ಟಿಯಲ್ಲಿ ಹೆಸರು ಸೇರಿದೆಯಂತೆ. ವೋಟು ಯಾವಾಗ ಎಂದೆ.

"ಯಾರಿಗೂ ಗೊತ್ತಿಲ್ಲ. ನಾನಿರುವವರೆಗೆ ಆಗದೆಯೂ ಇರಬಹುದು. ಆದರೆ ಹೆಸರಿದೆ."

ಅದೇ ವಾರ ಅಣ್ಣ ಊರಿನಿಂದ ಹೇಳಿದ್ದ, ಅಲ್ಲಿನ ಮತದಾರರ ಪಟ್ಟಿ ತಿದ್ದುವವರು ಮನೆಗೆ ಬಂದು ನನ್ನ ಹೆಸರು ತೆಗೆದುಹಾಕಿದರೆಂದು. ಅದನ್ನು ಅಂಕಲ್‌ಗೆ ಹೇಳಿದೆ.  ದಾವಣಗೆರೆಯಲ್ಲಿ ನಮ್ಮ ಮನೆಯಿರುವ ಬೀದಿಯ ಹೆಸರೇನೆಂದು ಕೇಳಿದರು. ಹೇಳಿದೆ. ಎರಡು ಸಲ ಉಚ್ಚರಿಸಲು ನೋಡಿದರು, ಎರಡೂ ಸಲ ತಪ್ಪಾಯಿತು. ನಾನು ತಿದ್ದಲಿಲ್ಲ. ಎಷ್ಟೋ ದಿನಗಳ ಮೇಲೆ ಆ ಹೆಸರು ಇನ್ನೊಬ್ಬರ ಬಾಯಲ್ಲಿ ಕೇಳಿಸುತ್ತಿತ್ತು.