ಸಮಾಧಿಗೆ ಬಳಿದ ಬಿಳಿ ಬಣ್ಣ

ಅಮೆರಿಕದ ಓಲ್ಡ್ ಬ್ರಿಡ್ಜ್ ಊರಿನ ಬಾಡಿಗೆ ಮನೆ ಖಾಲಿ ಮಾಡುವ ಮುಂಚೆ ಗೋಡೆಯ ಮೊಳೆ ತೂತುಗಳನ್ನು ಮುಚ್ಚಿ ಬಣ್ಣ ಹಚ್ಚಬೇಕಿತ್ತು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಹಸಿ ಪೇಂಟಿನ ವಾಸನೆ ಮೂಗಿಗೆ ಬಡಿದು ಕೈ ನಿಂತೇಬಿಟ್ಟಿತು. ಅಕ್ಕ ನೆನಪಾದರು...

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ಅವರ ಯಜಮಾನರು ಪ್ಲೇನ್ಸ್‌ಬರೋದ ಪುಟ್ಟ ಕನ್ನಡ ಸಭೆಗೆ ಪಾಸ್ಟರ್, ನನ್ನ ಗಂಡ ಓಲ್ಡ್ ಬ್ರಿಡ್ಜ್‌ನ ಸಭೆಗೆ. ಅವರು ಬೆಟಗೇರಿಯವರು, ನಾವು ಹುಬ್ಬಳ್ಳಿಯವರು. ಒಂದು ಕಾಲಕ್ಕೆ ಸಮುದ್ರ ದಾಟಿ ಬಿಳಿಯರು ನಮ್ಮೂರಿಗೆ ಮಿಷನರಿಗಳಾಗಿ ಬಂದಿದ್ದರು. ಈಗ ನಾವು ಇಲ್ಲಿಗೆ ಬಂದಿದ್ದೆವು. ಮಿಷನರಿ ಎಂಬ ಹೆಸರೇನೋ ದೊಡ್ಡದು! ಸುವಾರ್ತೆ ಸಾರಿದ್ದಕ್ಕಿಂತ, ಅಮೆರಿಕನ್ನರ ಚರ್ಚಿನ ಹಾಲ್ ಕೇಳಿ ಪಡೆದು ಭಾನುವಾರ ಮಧ್ಯಾಹ್ನ ಕುರ್ಚಿ ಜೋಡಿಸಿ, ಸಂಜೆ ಮತ್ತೆ ಮಡಚಿಟ್ಟದ್ದೇ ಹೆಚ್ಚು. ನಾವು ಕೀರ್ತನೆ ಶುರು ಮಾಡಿದರೆ ಮಕ್ಕಳು ಅಮ್ಮಂದಿರ ಕೈ ಜಗ್ಗಿ, "ಕ್ಯಾನ್ ವೀ ಗೋ ನೌ?" ಎನ್ನುತ್ತಿದ್ದವು.

ಬಂದ ಹೊಸದರಲ್ಲಿ ನನಗೆ ಡ್ರೈವ್ ಮಾಡಲು ಬರುತ್ತಿರಲಿಲ್ಲ. ಮನೆಯಲ್ಲಿ ಕೂತು ಅಳುವುದೊಂದೇ ಕೆಲಸ. ಅಕ್ಕ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು, ಸ್ನೋ ಬಿದ್ದ ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದು ಬಾಗಿಲು ಬಡಿಯುತ್ತಿದ್ದರು. "ಏಳವ್ವಾ, ಅತ್ತಿದ್ದು ಸಾಕು. ರೊಟ್ಟಿ ತಂದೀನಿ, ಬಿಸಿ ಇರೂದ್ರಾಗ ತಿನ್ನು." ಈ ದೇಶದಲ್ಲಿ ನನಗೆ ತವರು ಅಂತ ಇದ್ದದ್ದು ಅವರೊಬ್ಬರೇ.

ಒಂದು ಫೆಬ್ರವರಿಯ ಬೆಳಿಗ್ಗೆ, ಮನೆ ಮುಂದಿನ ಹಿಮ ತೆಗೆಯುತ್ತಿದ್ದ ಅವರ ಯಜಮಾನರು ಸಲಿಕೆ ಹಿಡಿದುಕೊಂಡೇ ಕುಸಿದರು. ನಾವೆಲ್ಲ ಅಣ್ಣ ಎನ್ನುತ್ತಿದ್ದ ಮನುಷ್ಯ ಆಸ್ಪತ್ರೆ ತಲುಪಲೇ ಇಲ್ಲ. ದೇವರು ಕಳಿಸಿದ ಜಾಗದಲ್ಲೇ ತಾನು ಮಣ್ಣಾಗಬೇಕು ಎಂದು ಅಣ್ಣ ಯಾವಾಗಲೂ ಹೇಳುತ್ತಿದ್ದರು. ಹಾಗೇ ಆಯಿತು, ಇಲ್ಲೇ ಮಣ್ಣು ಮಾಡಿದೆವು. ಆದರೆ ವೀಸಾ ಇದ್ದದ್ದು ಅಣ್ಣನ ಕೆಲಸದ ಮೇಲೆ. ಅವರು ಹೋದ ಮೇಲೆ ಅಕ್ಕನಿಗೂ ಇಲ್ಲಿ ಇರುವ ಹಾಗಿರಲಿಲ್ಲ. ಸತ್ತವರು ಇರಬಹುದಂತೆ, ಬದುಕಿದವರು ಹೊರಡಬೇಕಂತೆ. ಎಂಥ ಕಾನೂನೋ!

ಹೊರಡುವ ಹಿಂದಿನ ದಿನ ಅಕ್ಕ ನನ್ನನ್ನು ಸ್ಮಶಾನಕ್ಕೆ ಕರೆದೊಯ್ದರು. ಕಾರಿನ ಡಿಕ್ಕಿಯಲ್ಲಿ ಬಿಳಿ ಪೇಂಟಿನ ಡಬ್ಬಿ, ಬ್ರಷ್ಷು. ನಮ್ಮ ಕಡೆ ಕ್ರಿಸ್‌ಮಸ್‌ಗೆ ಮುಂಚೆ ಸಮಾಧಿಗಳಿಗೆ ಸುಣ್ಣ ಬಳಿಯುತ್ತೇವೆ. ಸುಣ್ಣ ಕಾಣದ ಸಮಾಧಿ ಎಂದರೆ ಕೇಳುವವರಿಲ್ಲದ ಸಮಾಧಿ. ಇಲ್ಲಿಯವೋ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಅಡ್ಡ ಬರಬಾರದೆಂದು ನೆಲಕ್ಕೆ ಸಮನಾಗಿ ಹೂತ ಕಲ್ಲುಗಳು.

"ಇಲ್ಲಿ ಇದನ್ನೆಲ್ಲಾ ಮಾಡಗೊಡೂದಿಲ್ಲಕ್ಕಾ," ಎಂದೆ.

"ನಾ ಹೋದಮ್ಯಾಲೆ ಇವ್ರಿಗೆ ಯಾರೂ ಇಲ್ಲಂತ ಮಂದಿ ತಿಳ್ಕೋಬಾರ್ದವ್ವಾ."

ಮಂಡಿಯೂರಿ ಕೂತು ಬಳಿದರು. ಹೆಸರಿನ ಅಕ್ಷರಗಳೊಳಗೆ ಇಳಿದ ಬಣ್ಣವನ್ನು ಸೆರಗಿನ ತುದಿಯಿಂದ ಒಂದೊಂದಾಗಿ ಒರೆಸಿದರು. ಆಮೇಲೆ ಬ್ರಷ್ಷನ್ನು ನನ್ನ ಕೈಗೆ ಕೊಟ್ಟು, "ನೀ ಇರೂತನಕ ವರ್ಷಾ ಒಮ್ಮೆ ಹಚ್ಚವ್ವಾ," ಎಂದರು. ಹೂಂ ಎಂದೆ.

ನಮ್ಮವರಲ್ಲಿ ಒಂದು ರೂಢಿಯಿದೆ. ಬೀಳ್ಕೊಡುವಾಗ ಹೋಗುವವರು ಉಳಿಯುವವರಿಗಾಗಿ ಪ್ರಾರ್ಥನೆ ಮಾಡಬೇಕು. ನ್ಯೂವಾರ್ಕ್ ಏರ್‌ಪೋರ್ಟಿನಲ್ಲಿ ಎರಡೂ ಸಭೆಯವರು ತಲೆ ತಗ್ಗಿಸಿ ಕಾದೆವು. ಅಕ್ಕ ನನ್ನ ಕೈ ಹಿಡಿದು, "ಸ್ತೋತ್ರ ಸ್ವಾಮೀ..." ಎಂದರು. ಅಷ್ಟೇ. ಕೈ ಬಿಟ್ಟು, ಚೆಕ್ಕಿಂಗಿನ ಸಾಲಿಗೆ ಸೇರಿಕೊಂಡರು. ಉಗುರುಗಳಲ್ಲಿ ಇನ್ನೂ ಬಿಳಿ ಬಣ್ಣವಿತ್ತು. ಆ ದಿನ ನನಗೆ ದೇವರ ಮೇಲೆ ವಿಪರೀತ ಸಿಟ್ಟು ಬಂದಿತ್ತು, ಪಾಸ್ಟರ್ ಹೆಂಡತಿಯಾದರೇನು.

ಮುಂದಿನ ವಾರ ಹೋಗಿ ನೋಡಿದರೆ ಬಣ್ಣವನ್ನೆಲ್ಲ ಕೆರೆದು ತೊಳೆದಿದ್ದರು. ಕಲ್ಲಿಗೆ ಏನೂ ಹಚ್ಚುವಂತಿಲ್ಲ ಎಂದು ಆಫೀಸಿನವರು ಮರ್ಯಾದೆಯಿಂದಲೇ ಹೇಳಿದರು. ಆದರೂ ಪ್ರತಿ ಡಿಸೆಂಬರ್ ನಾನು ಹಚ್ಚಿದೆ, ಪ್ರತಿ ಸಲವೂ ಅವರು ಕೆರೆದರು. ಅಕ್ಕ ಬೆಟಗೇರಿಯಿಂದ ಫೋನ್ ಮಾಡಿ ಕ್ಷೇಮಕ್ಕಿಂತ ಮೊದಲು, "ಹಚ್ಚಿದೇನವ್ವಾ?" ಎಂದು ಕೇಳುತ್ತಿದ್ದರು. ಹಚ್ಚಿದೆ ಎನ್ನುತ್ತಿದ್ದೆ. ಕೆರೆಯುವ ಸುದ್ದಿ ಅವರಿಗೆ ಗೊತ್ತಾಗಲೇ ಇಲ್ಲ.

ಹೋದ ತಿಂಗಳು ಅಕ್ಕ ತೀರಿಕೊಂಡರು. ಅವರ ತಮ್ಮನ ಮಗಳು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದಳು: ಕೆಂಪು ಮಣ್ಣಿನ ದಿಬ್ಬ, ಮೇಲೊಂದು ಸೇವಂತಿಗೆ ಹಾರ. ನಮ್ಮ ವೀಸಾ ಅವಧಿಯೂ ಮುಗಿದಿದೆ. ಈ ಶನಿವಾರ ಹುಬ್ಬಳ್ಳಿಗೆ ಹೊರಡುತ್ತೇವೆ. ನಮ್ಮ ಜಾಗಕ್ಕೆ ಯಾರೂ ಬರುತ್ತಿಲ್ಲ. ಸಭೆಯವರು ಇನ್ನು ಮಕ್ಕಳ ಜೊತೆ ಇಂಗ್ಲಿಷ್ ಚರ್ಚಿಗೆ ಹೋಗುತ್ತಾರಂತೆ. ಅಕ್ಕನ ಸಮಾಧಿಗೆ ಇನ್ನು ವರ್ಷ ವರ್ಷವೂ ನಾನು ಸುಣ್ಣ ಬಳಿಯಬಹುದು. ಹುಬ್ಬಳ್ಳಿಯಿಂದ ಬೆಟಗೇರಿ ಏನು ಮಹಾ ದೂರ! ಆದರೆ ಅಣ್ಣನಿಗೆ ಯಾರು?

ಗೋಡೆಗೆ ಹಚ್ಚಿ ಉಳಿದ ಬಿಳಿ ಬಣ್ಣ ತೆಗೆದುಕೊಂಡು ಸ್ಮಶಾನಕ್ಕೆ ಹೋದೆ. ಡಿಸೆಂಬರ್ ಅಲ್ಲ, ಸುಡು ಬಿಸಿಲು. ಮಂಡಿಯೂರಿ ಬಳಿದೆ, ಅಕ್ಷರಗಳನ್ನು ಸೆರಗಿನಿಂದ ಒರೆಸಿದೆ. ಎದ್ದು ನಿಂತಾಗ ಅಭ್ಯಾಸಬಲದಿಂದ, "ಹಚ್ಚಿದೆ ಅಕ್ಕಾ," ಎಂದೆ. ಇದೇ ಕೊನೆಯದು ಎಂದು ಹೇಳಲು ಬಾಯಿ ಬರಲಿಲ್ಲ.