ಟೀಚರ್ ಮತ್ತು ಬಾಯಿಯಿಲ್ಲದ ಹುಳ

ಟೀಚರ ಎಡ ಮೂಗಿನಿಂದ ಹೊರಟ ಸಪೂರ ಕೊಳವೆ ಕೆನ್ನೆಯ ಮೇಲೆ ಹಾದು ಕಿವಿಯ ಹಿಂದಕ್ಕೆ ಹೋಗುತ್ತಿತ್ತು. ಅದನ್ನು ಹಿಡಿದಿಡುವ ಬಿಳಿ ಪ್ಲಾಸ್ಟರ್ ಒಂದಿಷ್ಟು ಓರೆಯಾದರೂ ಸಾಕು, ಕೈಗನ್ನಡಿ ಕೆಳಗಿಟ್ಟು, "ಮೋಳೆ, ಇದೆಂತ, ಮಾರ್ಜಿನ್ ಹಾಕದ ಪುಟದ ಹಾಗೆ ಉಂಟು" ಎನ್ನುತ್ತಿದ್ದರು. ಆ ಬೆಳಿಗ್ಗೆಯೂ ಹಾಗೇ ಆಯಿತು. ಪ್ಲಾಸ್ಟರ್ ಬಿಡಿಸಿ, ಕೆನ್ನೆ ಒರೆಸಿ, ಹೊಸದನ್ನು ನೇರ ಅಂಟಿಸಿದೆ. ಹೆಸರುಕಾಳು ಹಾಕಿ ಬೇಯಿಸಿದ ಗಂಜಿಯನ್ನು ಮಿಕ್ಸಿಗೆ ಹಾಕಿ, ಬಟ್ಟೆಯಲ್ಲಿ ಸೋಸಿ, ಮಣಿಕಟ್ಟಿಗೆ ಒಂದು ತೊಟ್ಟು ಬಿಟ್ಟು ಬಿಸಿ ನೋಡಿದೆ. ದೊಡ್ಡ ಸಿರಿಂಜನ್ನು ಕೊಳವೆಗೆ ಸಿಕ್ಕಿಸಿ ಎತ್ತಿ ಹಿಡಿದರೆ ಗಂಜಿ ತಾನಾಗಿ ಇಳಿಯುತ್ತದೆ. ಅದು ಇಳಿಯುವ ತನಕ ನಾನು ಅಲ್ಲಿಂದ ಕದಲುವ ಹಾಗಿಲ್ಲ. ಟೀಚರಿಗೆ ಬೇಕಾದದ್ದೂ ಅದೇ. ಪಾಠ ಶುರು.

ಅವರು ನನ್ನ ಅತ್ತೆ. ಆದರೆ ಅದಕ್ಕೂ ಮೊದಲು ಕಾನ್ವೆಂಟಿನಲ್ಲಿ ನನಗೆ ವಿಜ್ಞಾನ ಕಲಿಸಿದವರು. ಮದುವೆಯಾಗಿ ಈ ಮನೆಗೆ ಬಂದ ಮೇಲೂ 'ಅಮ್ಮ' ಎಂಬ ಮಾತು ನನ್ನ ನಾಲಿಗೆಗೆ ಬರಲಿಲ್ಲ. ಟೀಚರ್ ಎಂದೇ ಕರೆದೆ. ನಮ್ಮ ಮನೆಮಾತು ಮಲಯಾಳದಲ್ಲಿ ನನ್ನನ್ನು 'ಮೋಳೆ', ಮಗಳೇ, ಎಂದು ಕರೆದರೂ ಅವರು ಟೀಚರಾಗಿಯೇ ಉಳಿದರು. ಸಾರಿಗೆ ಉಪ್ಪು ಕಡಿಮೆ ಎಂದು ಒಂದು ದಿನವೂ ಹೇಳಿದವರಲ್ಲ. "ಈ ಸಾರಿಗೆ ಎಂತದೋ ಒಂದು ಬೇಕಿತ್ತು, ಎಂತ ಅಂತ ನೀನೇ ಯೋಚಿಸು" ಎನ್ನುವುದು ಅವರ ಕ್ರಮ. ನಾನು ಹುಳಿ ಹಿಂಡಿ, ಬೆಲ್ಲ ಹಾಕಿ, ಸಾರು ಕೆಟ್ಟುಹೋದ ಮೇಲೆ ಉಪ್ಪಿನ ನೆನಪಾಗುವುದು. "ಉತ್ತರ ಹೇಳಿಕೊಟ್ಟರೆ ಕಲಿತ ಹಾಗಾಗುದಿಲ್ಲ." ಈ ಮಾತನ್ನು ನಾನು ಕೇಳಿದಷ್ಟು ಸಲ ಯಾವ ಶಿಷ್ಯೆಯೂ ಕೇಳಿರಲಾರಳು. ಶಿಷ್ಯೆಯರಿಗೆ ಸಂಜೆಯ ಬೆಲ್ ಆದರೂ ಇತ್ತು.

ಸ್ಟ್ರೋಕ್ ಆದಾಗ ಅವರಿಗೆ ಮಾತು ಉಳಿಯಿತು, ಕೋಲು ಹಿಡಿದು ನಡೆಯುವುದು ಉಳಿಯಿತು, ನುಂಗುವುದು ಮಾತ್ರ ಹೋಯಿತು. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ಒಂದು ಚಮಚ ನೀರೂ ಕೊಡಬೇಡಿ ಎಂದರು ಪುತ್ತೂರಿನ ಡಾಕ್ಟರು. ಕೊಳವೆ ಹಾಕಿಸಿಕೊಂಡು ಮನೆಗೆ ಬಂದ ದಿನವೇ ಟೀಚರ್ ಕನ್ನಡಿ ನೋಡಿ ಗೊಗ್ಗರು ಸ್ವರದಲ್ಲಿ ನಕ್ಕಿದ್ದರು. "ಈಗ ನಾನು ಆ ಹುಳದ ಜಾತಿಗೆ ಸೇರಿದೆ, ಮೋಳೆ."

ಆ ಹುಳದ ಸಂಗತಿ ಟೀಚರ್ ಸ್ಟ್ರೋಕಿಗೂ ಮೊದಲೇ ಮೊಬೈಲಿನಲ್ಲಿ ನೋಡಿದ್ದು. ಸಮುದ್ರದ ತಳದಲ್ಲಿ ಎಣ್ಣೆ, ಗ್ಯಾಸು ತಾವಾಗಿ ಒಸರುವ ಜಾಗಗಳುಂಟಂತೆ. ಅಲ್ಲಿಗೆ ಬಿಸಿಲಿಲ್ಲ, ಬೆಳಕಿಲ್ಲ. ಅಲ್ಲಿ ಉದ್ದನೆಯ ಹುಳಗಳು ತಾವೇ ಕಟ್ಟಿಕೊಂಡ ಕೊಳವೆಯೊಳಗೆ ಗುಂಪು ಗುಂಪಾಗಿ ನಿಂತಿರುತ್ತವಂತೆ. ಬಾಯಿಯಿಲ್ಲ, ಹೊಟ್ಟೆಯಿಲ್ಲ. ಬೇರಿನಂಥ ಬುಡವನ್ನು ಕೆಸರಿಗಿಳಿಸಿ, ಅಲ್ಲಿನ ಕೊಳೆತ ಮೊಟ್ಟೆಯ ವಾಸನೆಯನ್ನು ಎಳೆದುಕೊಳ್ಳುತ್ತವೆ. ಮೈಯೊಳಗಿನ ಬ್ಯಾಕ್ಟೀರಿಯಾಗಳು ಅದರಿಂದಲೇ ಅವಕ್ಕೆ ಅಡುಗೆ ಮಾಡುತ್ತವೆ. ಹಾಗೆಯೇ ಇನ್ನೂರು ವರ್ಷಕ್ಕೂ ಮೇಲೆ ಬದುಕುತ್ತವೆ.

"ಎಲ್ಲ ಜೀವಕ್ಕೂ ಸೂರ್ಯನೇ ಮೂಲ ಅಂತ ರಿಟೈರ್ ಆಗುವವರೆಗೆ ಬೋರ್ಡಿನಲ್ಲಿ ಬರೆದೆನಲ್ಲಾ" ಎಂದು ಟೀಚರಿಗೆ ಒಂದೇ ಪೇಚಾಟ. ಅಂದಿನಿಂದ ಕಂಡ ಕಂಡ ಶಿಷ್ಯರನ್ನು ನಿಲ್ಲಿಸಿ ತಿದ್ದುವ ಕೆಲಸ. ಕಡಬದ ಬಸ್‌ಸ್ಟ್ಯಾಂಡಿನಲ್ಲಿ ತಿದ್ದಿದರು, ಮದುವೆಯ ಊಟದ ಸಾಲಿನಲ್ಲಿ ತಿದ್ದಿದರು. ಮೀನು ಮಾರುವ ಶಿಷ್ಯನೊಬ್ಬ ತಕ್ಕಡಿ ಹಿಡಿದುಕೊಂಡೇ ಎಲ್ಲ ಕೇಳಿ, "ಅದನ್ನು ಕಾಯಿಸಿದರೆ ತಿನ್ಲಿಕ್ಕಾಗ್ತದಾ ಟೀಚರ್?" ಎಂದ. ಹಿಂದೆ ಚೀಲ ಹಿಡಿದು ನಿಂತ ನನಗೆ ಸೆರಗಲ್ಲಿ ಮುಖ ಮುಚ್ಚಿಕೊಳ್ಳುವ ಹಾಗಾಗಿತ್ತು.

ಇನ್ನು ನನ್ನ ಕಷ್ಟ. ಹಸಿದವರ ಎದುರು ತಿನ್ನಬಾರದು ಎಂದು ಕಾನ್ವೆಂಟಿನ ಸಿಸ್ಟರುಗಳು ನಮಗೆ ಕಲಿಸಿದ್ದರು. ಹಾಗಾಗಿ ಟೀಚರಿಗೆ ಕೊಳವೆ ಬಂದ ಮೇಲೆ ನಾನು ಮನೆಯಲ್ಲಿ ಮೀನು ಎಣ್ಣೆಗೆ ಹಾಕಿ ಕಾಯಿಸುವುದನ್ನು ನಿಲ್ಲಿಸಿದೆ. ಒಗ್ಗರಣೆ ನಿಲ್ಲಿಸಿದೆ. ಅಡುಗೆಕೋಣೆಯ ಬಾಗಿಲು ಸದಾ ಮುಚ್ಚಿದ್ದೇ. ನಾವೆಲ್ಲ ಹಿಂದಿನ ಚಾವಡಿಯಲ್ಲಿ ಬೇಯಿಸಿದ್ದನ್ನು ಸದ್ದಿಲ್ಲದೆ ತಿಂದು ಏಳುವುದು. "ಈಸ್ಟರ್ ಕಳೆದು ಎಷ್ಟು ಸಮಯ ಆಯ್ತು, ನಮ್ಮ ಮನೆಯಲ್ಲಿ ಮಾತ್ರ ಉಪವಾಸ ಮುಗಿಲಿಲ್ಲ" ಎಂದು ನಮ್ಮವರು ಗೊಣಗುತ್ತಿದ್ದರು.

ಆದರೆ ಟೀಚರ್ ಇಳಿಯುತ್ತಾ ಹೋದರು. ಬಳೆ ಮೊಣಕೈವರೆಗೆ ಜಾರತೊಡಗಿತು. ಕೊಡುವ ಗಂಜಿಯಲ್ಲಿ ಕಡಿಮೆಯೇನಿಲ್ಲ, ಅವರಿಗೇ ಮನಸ್ಸಿದ್ದಂತೆ ಕಾಣುವುದಿಲ್ಲ, ಹೀಗೇ ಆದರೆ ಹೆಚ್ಚು ಸಮಯ ಇಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಆ ಬೆಳಿಗ್ಗೆ ಅರ್ಧ ಸಿರಿಂಜ್ ಇಳಿಯುವಾಗಲೇ ಟೀಚರ್ ಕೈ ಅಡ್ಡ ಹಿಡಿದರು. "ಸಾಕು."

"ಇಷ್ಟಕ್ಕೇ ಸಾಕಾದರೆ ಹೇಗೆ ಟೀಚರ್? ಇನ್ನು ಸ್ವಲ್ಪ."

"ಒಂದು ಪ್ರಶ್ನೆ. ಗ್ಯಾಸು ಒಸರುದು ನಿಂತರೆ ಆ ಹುಳಕ್ಕೆ ಎಂತ ಆಗ್ತದೆ?"

"ನನಗೆ ಗೊತ್ತಿಲ್ಲ. ಮೊದಲು ಇದು ಮುಗಿಯಲಿ."

"ಯೋಚಿಸು ಮೋಳೆ."

"ಹುಳದ ಬಗ್ಗೆ ಯೋಚಿಸ್ಲಿಕ್ಕೆ ಪುರುಸೊತ್ತಿಲ್ಲ ಟೀಚರ್. ನಿಮ್ಮ ಬಗ್ಗೆ ಯೋಚಿಸಿಯೇ ನನಗೆ ಸಾಕಾಗಿದೆ."

ಅಷ್ಟು ಗಟ್ಟಿಯಾಗಿ ನಾನು ಅವರೊಡನೆ ಮಾತಾಡಿದ್ದು ಅದೇ ಮೊದಲು. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಿನಗೆ ಅಷ್ಟೊಂದು ಮಾರ್ಕ್ ಹಾಕಿದ್ದೇ ತಪ್ಪಾಯ್ತು" ಎಂದು ಕಣ್ಣು ಮುಚ್ಚಿ ಒರಗಿದರು.

ಮಧ್ಯಾಹ್ನ ನೆಲ್ಯಾಡಿಯಿಂದ ನಮ್ಮವರ ದೊಡ್ಡಪ್ಪನ ಮಗ ಹೆಂಡತಿಯೊಂದಿಗೆ ಬಂದ. ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಬರುವ ಕ್ರಮವಿಲ್ಲ. ನುಂಗಲಾರದವರ ಮನೆಗೂ ಕಿತ್ತಳೆ, ಬ್ರೆಡ್ಡು, ಹಾರ್ಲಿಕ್ಸು ಬರುತ್ತಲೇ ಇತ್ತು. ಕಪಾಟು ಮುಚ್ಚಲಾಗುತ್ತಿರಲಿಲ್ಲ. ಅವರಿಬ್ಬರನ್ನೂ ಹಿಂದಿನ ಚಾವಡಿಗೆ ಕರೆದು ಬಾಳೆಕಾಯಿ ಚಿಪ್ಸ್, ಚಹಾ ಕೊಟ್ಟೆ. ಸದ್ದಾಗಬಾರದೆಂದು ಅವನು ಚಿಪ್ಸನ್ನು ಚಹಾದಲ್ಲಿ ಅದ್ದಿ ಅದ್ದಿ ತಿನ್ನುತ್ತಿದ್ದ. ಅಷ್ಟರಲ್ಲಿ ಬಾಗಿಲಿಗೆ ಕೋಲಿನ ಪೆಟ್ಟು ಬಿತ್ತು.

"ಒಳಗೆ ಎಂತ ಕಳ್ಳರ ಮೀಟಿಂಗಾ?"

ಬಾಗಿಲು ತೆರೆದೆ. ಟೀಚರ್ ಬಟ್ಟಲು ನೋಡಿದರು, ಚಿಪ್ಸ್ ಅದ್ದಿದ ಚಹಾ ನೋಡಿದರು. "ಕರುಂ ಕುರುಂ ಆಗುದನ್ನು ಹೀಗೆ ಒದ್ದೆ ಮಾಡಿ ತಿನ್ನುವವನಿಗೆ ಬಾಯಿ ಯಾಕೆ ಬೇಕು?" ಎಂದರು.

"ನಿಮಗೆ ಬೇಸರ ಆಗಬಾರದಲ್ಲ ಅಂತ, ಚಿಕ್ಕಮ್ಮ..."

"ಹೌದು, ನನಗೆ ಬೇಸರ ಆಗದ ಹಾಗೆ ಈ ಮನೆಯಲ್ಲಿ ಎಲ್ಲ ಬಂದ್ ಮಾಡಿಯಾಗಿದೆ" ಎಂದು ಕೋಲು ಊರಿಕೊಂಡು ಹೋದರು.

ನನಗೆ ಅಳುವೇ ಬಂತು. ಇವರಿಗಾಗಿ ನಾವೆಲ್ಲ ಸಪ್ಪೆ ತಿನ್ನುವುದು, ಮಾತು ಕೇಳಬೇಕಾದವಳೂ ನಾನೇ.

ನಾಲ್ಕು ಗಂಟೆಗೆ, ದಿನದ ಹಾಗೆ, ಆಚೆಮನೆಗೆ ಹೊರಟರು. ಅಲ್ಲಿ ಬ್ಯಾರಿ ಕುಟುಂಬ. ಗಂಡ ಗಲ್ಫಿನಲ್ಲಿ, ಇಲ್ಲಿ ಹೆಂಡತಿ ಮತ್ತು ಶಾಲೆಗೆ ಹೋಗುವ ಇಬ್ಬರು ಹುಡುಗಿಯರು. ಹುಡುಗಿಯರಿಗೆ ಪಾಠ ಹೇಳಬೇಕು ಎಂಬುದು ಟೀಚರ ಮಾತು. ಸಂಜೆಯ ಗಂಜಿಯ ಹೊತ್ತಿಗೆ ಎಂದೂ ಬಂದವರಲ್ಲ. ನಾನು ಸೋಸಿದ್ದನ್ನು ಮತ್ತೆ ಬಿಸಿ ಮಾಡಿ, ಮತ್ತೆ ಸೋಸಬೇಕು. ಬಂದವರ ಸೀರೆಯಲ್ಲಿ ಮಾತ್ರ ಕರಿದ ತೆಂಗಿನೆಣ್ಣೆಯ ಘಮ ಇರುತ್ತಿತ್ತು. ನೆನೆಹಾಕುವಾಗ ಅದು ದಿನವೂ ಮೂಗಿಗೆ ಬಡಿಯುತ್ತಿತ್ತು. ದಿನವೂ ಸೋಪು ಹೆಚ್ಚು ಹಾಕುತ್ತಿದ್ದೆ, ಅಷ್ಟೆ.

ಟೀಚರ್ ತೀರಿಹೋಗಿ ಈಗ ಎರಡನೇ ಕ್ರಿಸ್ಮಸ್ ಬಂತು. ಡಾಕ್ಟರು ಹೇಳಿದ್ದಕ್ಕಿಂತ ಬಹಳ ಹೆಚ್ಚು ಸಮಯ ಇದ್ದರು, ಕೊನೆಯ ವಾರದವರೆಗೂ ನನ್ನನ್ನು ಪ್ರಶ್ನೆ ಕೇಳಿದರು. ಅವರ ಬೆತ್ತದ ಕುರ್ಚಿ ಇಂದಿಗೂ ನಮ್ಮ ಅಡುಗೆಕೋಣೆಯಲ್ಲಿ, ಒಲೆಯ ಪಕ್ಕದಲ್ಲೇ ಉಂಟು. ಓಡಾಡುವಾಗ ಕಾಲಿಗೆ ತಾಗುತ್ತದೆ. ತೆಗೆಯುವುದಿಲ್ಲ. ಮೀನಿಗೆ ಮಸಾಲೆ ಹಚ್ಚುವಾಗಲೆಲ್ಲ ಬಾಗಿಲು ಪೂರ್ತಿ ತೆರೆದಿಡುತ್ತೇನೆ.

ಆ ಕುರ್ಚಿ ಅಲ್ಲಿಗೆ ಬಂದದ್ದು ಚಹಾದಲ್ಲಿ ಚಿಪ್ಸ್ ಅದ್ದಿದ ಆ ದಿನದ ಸಂಜೆಯೇ. ಹೊತ್ತು ಮುಳುಗುತ್ತ ಬಂದರೂ ಟೀಚರ ಪತ್ತೆಯಿಲ್ಲ. ಸಿರಿಂಜ್ ತೊಳೆದಿಟ್ಟು, ಸಿಟ್ಟಿನಲ್ಲೇ ಕರೆತರಲು ಹೊರಟೆ. ಆಚೆಮನೆಯಾಕೆ ಬೇಲಿಯ ಬಳಿ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ನನ್ನನ್ನು ಕಂಡು, ಬಾಯಲ್ಲಿ ಕಚ್ಚಿದ್ದ ಕ್ಲಿಪ್ಪನ್ನು ತೆಗೆದು ಕೇಳಿದಳು:

"ಅಲ್ಲ ಅಕ್ಕ, ನಿಮ್ಮಲ್ಲಿ ಗ್ಯಾಸ್ ಮುಗಿದಿದೆಯಾ ಎಂತ? ಟೀಚರ್ ದಿನಾ ಬಂದು ನಮ್ಮ ಒಲೆಯ ಹತ್ರವೇ ಕುರ್ಚಿ ಎಳ್ಕೊಂಡು ಕೂತ್ಕೊಳ್ತಾರೆ. ಇವತ್ತು ಮೀನು ಬರ್ಲಿಲ್ಲ ಟೀಚರ್ ಅಂದ್ರೆ, ಒಂದೆರಡು ಎಸಳು ಬೆಳ್ಳುಳ್ಳಿಯಾದ್ರೂ ಹುರಿ ಮಾರಾಯ್ತಿ ಅಂದ್ರು."